ಹಿಟ್ಟು ಗುಡ್ಡ ಹತ್ತಿದ ಸಂಜೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಇಡ್ಲಿ ಹಿಟ್ಟು ಗುಡ್ಡ ಹತ್ತಿತ್ತು. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ.

ಆಗ ನಾವಿದ್ದದ್ದು ಮುಂಬಯಿ ಹತ್ತಿರದ ರಬಾಳೆಯಲ್ಲಿ. ಅಪ್ಪ ಉಡುಪಿಯ ಕಡೆಯಿಂದ ಬಂದು ಅಲ್ಲೊಂದು ಪುಟ್ಟ ಹೋಟೆಲು ಹಾಕಿದ್ದರು. ಹಿಂದೆ ಗುಡ್ಡ, ಮುಂದೆ ಮಣ್ಣು ತುಂಬಿ ಎತ್ತರಿಸಿದ ಹೊಸ ರಸ್ತೆ, ನಡುವಿನ ತಗ್ಗಿನಲ್ಲಿ ನಮ್ಮ ಹೋಟೆಲು. ಅದರ ಹಿಂದಿನ ಕೋಣೆಯೇ ಮನೆ. ಮಳೆಗಾಲದಲ್ಲಿ ಗುಡ್ಡದ ನೀರನ್ನೆಲ್ಲ ಹೊತ್ತು ತರುವ ಒಂದು ತೋಡು ಹಿತ್ತಲ ಪಕ್ಕದಲ್ಲೇ ಹಾದುಹೋಗುತ್ತಿತ್ತು.

ಮೊದಲ ಚಳಿಗಾಲ ಬಂತು ನೋಡಿ, ಅಪ್ಪನ ಹಿಟ್ಟು ಮುಷ್ಕರ ಹೂಡಿತು! ರಾತ್ರಿ ಇಟ್ಟದ್ದು ಬೆಳಿಗ್ಗೆಯೂ ಇಟ್ಟಷ್ಟೇ. ಒಂದು ಗುಳ್ಳೆಯಿಲ್ಲ, ಹುಳಿ ಪರಿಮಳವಿಲ್ಲ. ಗಿರಾಕಿಗಳು ಚಟ್ನಿ ನೆಕ್ಕಿ, ಇಡ್ಲಿ ಬಿಟ್ಟು ಏಳತೊಡಗಿದರು. ಊರಿನ ಸೆಕೆಯಲ್ಲಿ ಹಿಟ್ಟು ಹೆಚ್ಚು ಹುಳಿಯಾಗದಿರಲೆಂದು ತಂಪಾದ ನೆಲದ ಮೇಲಿಡುವುದು ರೂಢಿ. ಅಪ್ಪ ಇಲ್ಲಿಯೂ ಹಿಂಬಾಗಿಲ ಪಕ್ಕ ನೆಲದಲ್ಲೇ ಇಡುತ್ತಿದ್ದರು. ಕೊನೆಗೆ ಗೋಣಿ ಹೊದಿಸಿದರು, ಒಲೆಯ ಹತ್ತಿರಕ್ಕೂ ಸರಿಸಿದರು. ಒಲೆ ಆರಿದ ಮೇಲೆ ಮತ್ತೆ ಅದೇ ಕಥೆ.

ಅಷ್ಟರಲ್ಲಿ ಪಕ್ಕದ ಕಾರ್ಖಾನೆಯವರು ಹೇಳಿ ಕಳಿಸಿದರು. ಮರುದಿನ ಅವರ ಹೊಸ ಶೆಡ್ಡಿನ ಪೂಜೆ, ಬೆಳಗಿನ ತಿಂಡಿ ನಮ್ಮದು. ಹಿಡಿಸಿದರೆ ಕ್ಯಾಂಟೀನೂ ನಮಗೇ. ಅಪ್ಪನ ಮುಖ ಮಾತ್ರ ಅರಳಲಿಲ್ಲ.

"ನಾಳೆಯೂ ಇಡ್ಲಿ ಕೈಕೊಟ್ಟರೆ ಹೋಟೆಲು ಮುಚ್ಚುವುದೇ ಮತ್ತೆ," ಎಂದು ಅಮ್ಮನಿಗೆ ಹೇಳಿದರು. "ನಾನು ಕಲ್ಯಾಣದಲ್ಲಿ ಯಾರದ್ದಾದರೂ ಹೋಟೆಲಲ್ಲಿ ಕೆಲಸಕ್ಕೆ ನಿಲ್ತೇನೆ. ನೀನು ಮಕ್ಕಳನ್ನು ಕರ್ಕೊಂಡು ಊರಿಗೆ ಹೋಗು."

ಅಪ್ಪನನ್ನು ಬಿಟ್ಟು ಹೋಗುವುದೇ! ನನಗೆ ಅಳುವೇ ಬಂತು.

ಆ ಸಂಜೆ ಅಕ್ಕ ಹಿತ್ತಲ ತುಳಸಿಗೆ ಊದುಬತ್ತಿ ಹಚ್ಚಿದಳು. ಹಗಲಿಡೀ ಗುಡ್ಡದತ್ತ ಬೀಸುತ್ತಿದ್ದ ಕಡಲಗಾಳಿ ನಿಂತಿತ್ತು. ಹೊಗೆ ಮೊದಲು ನೆಟ್ಟಗೆ ಮೇಲೇರಿತು. ನೋಡನೋಡುತ್ತಿದ್ದಂತೆ ಬಾಗಿತು, ಮಲಗಿತು, ಗುಡ್ಡಕ್ಕೆ ಬೆನ್ನು ಹಾಕಿ ಸೀದಾ ನಮ್ಮ ಹಿಂಬಾಗಿಲೊಳಗೆ ನುಗ್ಗಿತು. ನನ್ನ ಬರಿಗಾಲಿಗೆ ತಣ್ಣಗೆ ಏನೋ ಸೋಕಿತು.

"ಗಾಳಿ ತಿರುಗಿತು ಮಾರಾಯಾ!" ಅಕ್ಕ ಕಿರುಚಿದಳು. "ತೋಡಲ್ಲಿ ನೀರು ಬಂದ ಹಾಗೇ ಬರ್ತಾ ಉಂಟು. ಬಂದು ನಮ್ಮ ಹಿಟ್ಟಿನ ಬುಡದಲ್ಲೇ ನಿಲ್ತದೆ!"

ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಗುಡ್ಡದ ಅರ್ಧದಲ್ಲಿ ನಮಗೆ ಹಾಲು ಕೊಡುವ ಮರಾಠಿ ಹೆಂಗಸಿನ ಮನೆಯಿತ್ತು. ಎಲ್ಲರೂ ಆಕೆಯನ್ನು ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದಂತೆ. ಬೆಳಿಗ್ಗೆ ಹಾಲಿಗೆ ಹೋದಾಗ ಕೆಳಗೆ ಹಲ್ಲು ಕಟಕಟ, ಅಲ್ಲಿ ಸ್ವೆಟರೇ ಬೇಡ. ಅದೇ ಹಾಲು ನಮ್ಮಲ್ಲಿ ಹೆಪ್ಪಾಗದೆ ನೀರುನೀರಾಗಿದ್ದರೆ, ಅವಳ ಮೊಸರು ಮಾತ್ರ ಗಟ್ಟಿ!

"ಹಿಟ್ಟನ್ನು ಗುಡ್ಡ ಹತ್ತಿಸುವುದಾ? ತಲೆ ಸರಿ ಉಂಟಾ ನಿಂಗೆ?" ಎಂದರು ಅಪ್ಪ.

"ಇಲ್ಲಿ ಉಬ್ಬುದಿಲ್ಲ ಅಂತ ಗೊತ್ತೇ ಉಂಟಲ್ಲ ಅಪ್ಪ. ಅಲ್ಲಿಟ್ಟು ನೋಡುವ."

ಅಪ್ಪ ತಲೆಗೆ ಟವೆಲು ಸುತ್ತಿಕೊಂಡರು. ಹೊರಟಿತು ನಮ್ಮ ಮೆರವಣಿಗೆ! ಅಪ್ಪನ ತಲೆಯ ಮೇಲೆ ದೊಡ್ಡ ಪಾತ್ರೆ, ಅಮ್ಮನ ಸೊಂಟದಲ್ಲಿ ಸಣ್ಣದು, ಅಕ್ಕನ ಕೈಯಲ್ಲಿ ಲಾಟೀನು, ನನ್ನ ಬಗಲಲ್ಲಿ ಮುಚ್ಚಳಗಳು. ಹುಣಸೆಮರದ ತಿರುವು ದಾಟಿದ್ದೇ ತಡ, ಕೆನ್ನೆಗೆ ಬೆಚ್ಚಗಿನ ಗಾಳಿ ತಾಗಿತು. ಅಪ್ಪ ಗಕ್ಕನೆ ನಿಂತರು. ನಾಲ್ಕು ಹೆಜ್ಜೆ ಕೆಳಗಿಳಿದರು, ಮತ್ತೆ ಹತ್ತಿದರು, ಮತ್ತೆ ಇಳಿದರು, ತಲೆಯ ಮೇಲೆ ಅಷ್ಟು ಹಿಟ್ಟನ್ನು ಹೊತ್ತುಕೊಂಡು!

"ಹೌದಲ್ಲವೇ!" ಎಂದರು.

ಮಾವಶಿ ನಮ್ಮನ್ನು ಕಂಡು ಹೊಟ್ಟೆ ಹಿಡಿದು ನಕ್ಕಳು. "ದೂಧ್ ಖಾಲೀ ಜಾತಂ, ಪೀಠ್ ವರ್ ಯೇತಂ!" ಹಾಲು ಕೆಳಗೆ ಹೋಗುತ್ತದೆ, ಹಿಟ್ಟು ಮೇಲೆ ಬರುತ್ತದೆ ಎಂದು ಅವಳಿಗೆ ಮೋಜು. ಅವಳ ಜಗಲಿಯಲ್ಲೇ ಪಾತ್ರೆಗಳ ಪಕ್ಕ ಮಲಗಿದೆವು.

ಬೆಳಕು ಹರಿಯುವ ಹೊತ್ತಿಗೆ ಅಪ್ಪನ ಕೂಗಿಗೆ ಎಚ್ಚರವಾಯಿತು. ಹಿಟ್ಟು ಮುಚ್ಚಳಗಳನ್ನೇ ಎತ್ತಿ ಹಿಡಿದಿತ್ತು! ಜಗಲಿಯಿಡೀ ಹುಳಿ ಪರಿಮಳ. ಕೆಳಗೆ ನೋಡುತ್ತೇನೆ, ನಮ್ಮ ಹೋಟೆಲೇ ಇಲ್ಲ! ರಸ್ತೆಯಿಲ್ಲ, ಕಾರ್ಖಾನೆಯಿಲ್ಲ. ತಗ್ಗಿನ ತುಂಬ ಯಾರೋ ಇಡ್ಲಿ ಹಿಟ್ಟು ಸುರಿದಂತೆ ಬೆಳ್ಳನೆಯ ಮಂಜು, ಅದರೊಳಗಿಂದ ಇಣುಕುವ ಒಂದೇ ಒಂದು ಚಿಮಣಿ.

ಆ ಮಂಜಿನೊಳಗೆ ಇಳಿಯಬೇಕಿತ್ತಲ್ಲ! ಮುಚ್ಚಳ ಕೂರದ್ದಕ್ಕೆ ಪಾತ್ರೆಗಳಿಗೆ ಬಟ್ಟೆ ಕಟ್ಟಿದರು. ಎಡವಿ ಕುಲುಕಿದರೆ ಉಬ್ಬಿದ್ದು ಕುಸಿಯುತ್ತದೆ. ಹುಣಸೆಮರದ ಬಳಿ ಮಂಜು ಕಾಲಿಗೆ ಬಂತು, ಸೊಂಟಕ್ಕೆ ಬಂತು, ಆಮೇಲೆ ನನ್ನ ಕೈಯೇ ನನಗೆ ಕಾಣಲಿಲ್ಲ. ದಿನಾ ಹಾಲಿಗೆ ಓಡಾಡಿದ ಕಾಲಿಗೆ ದಾರಿ ಗೊತ್ತಿತ್ತು. ನಾನು ಮುಂದೆ ನಡೆದು ಮುಚ್ಚಳಗಳನ್ನು ತಾಳದಂತೆ ಬಡಿಯತೊಡಗಿದೆ.

"ಬಡೀತಾ ಇರು, ನಿಲ್ಲಿಸಬೇಡ!" ಹಿಂದಿನಿಂದ ಅಪ್ಪನ ದನಿ ಮಾತ್ರ ಬರುತ್ತಿತ್ತು.

ಒಂದು ತೊಟ್ಟೂ ಚೆಲ್ಲಲಿಲ್ಲ. ಮೊದಲ ಹಬೆಪಾತ್ರೆ ಇಳಿಸಿದಾಗ ಇಡ್ಲಿ ಮಲ್ಲಿಗೆಯಂತೆ ಅರಳಿತ್ತು. ಅಪ್ಪ ಅದನ್ನು ದೇವರಿಗಿಟ್ಟು, ಮರುಗಳಿಗೆಯೇ ಅಕ್ಕನ ತಟ್ಟೆಗೆ ಹಾಕಿದರು. ಕಾರ್ಖಾನೆಯವರು ಕೇಳಿ ಕೇಳಿ ಹಾಕಿಸಿಕೊಂಡರು. ಕ್ಯಾಂಟೀನು ನಮ್ಮದಾಯಿತು, ನಾವು ಅಪ್ಪನ ಜೊತೆಯಲ್ಲೇ ಉಳಿದೆವು. ಚಳಿಗಾಲ ಮುಗಿಯುವವರೆಗೂ ಹಿಟ್ಟು ಸಂಜೆ ಗುಡ್ಡ ಹತ್ತಿ ಬೆಳಿಗ್ಗೆ ಇಳಿಯಿತು.

ಸೂರ್ಯ ಮುಳುಗಿದ ಮೇಲೆ ಗುಡ್ಡದ ಕಲ್ಲು, ಹುಲ್ಲು ಬೇಗ ತಣಿಯುತ್ತವೆ. ಅವನ್ನು ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತೋಡಿನಗುಂಟ ಜಾರುತ್ತದೆ. ನಮ್ಮ ತಗ್ಗಿನಲ್ಲಿ ರಸ್ತೆಯ ದಿಬ್ಬ ಅದನ್ನು ಅಣೆಕಟ್ಟಿನಂತೆ ತಡೆದು ನಿಲ್ಲಿಸುತ್ತಿತ್ತು. ನಿಂತ ತಂಪಿನಲ್ಲಿ ಗಾಳಿಯ ತೇವವೇ ಮಂಜಾಗುತ್ತಿತ್ತು, ಬೆಚ್ಚನೆಯ ಗಾಳಿ ಅದರ ಮೇಲೆ ಉಳಿಯುತ್ತಿತ್ತು. ಇದನ್ನೆಲ್ಲ ನಾನು ಶಾಲೆಯಲ್ಲಿ ಕಲಿತದ್ದು ಎಷ್ಟೋ ವರ್ಷಗಳ ಮೇಲೆ.

ಈಗ ನಾನಿರುವುದು ಖಾರಘರದಲ್ಲಿ, ಮಗನ ಮನೆಯಲ್ಲಿ, ಲಿಫ್ಟು ಹತ್ತಿ ಹೋಗುವಷ್ಟು ಎತ್ತರದಲ್ಲಿ. ಹಿಟ್ಟು ಪಾಕೀಟಿನಲ್ಲಿ ಬರುತ್ತದೆ, ಫ್ರಿಜ್ಜಿನಲ್ಲಿ ಕೂರುತ್ತದೆ. ಅದಕ್ಕೆ ಗುಡ್ಡವೂ ಬೇಡ, ಗಾಳಿಯೂ ಬೇಡ. ಆದರೆ ಈ ಕಥೆ ಕೇಳಿದ ಮೊಮ್ಮಗಳು ನಿನ್ನೆ ಸಂಜೆ ಊದುಬತ್ತಿ ಹಿಡಿದು ನನ್ನನ್ನು ಸೊಸೈಟಿಯ ಹಿಂದಿನ ಗೇಟಿಗೆ ಎಳೆದೊಯ್ದಳು. ಎದುರಿಗೇ ಗುಡ್ಡ. ಹೊಗೆ ಮೇಲೇರಿತು, ಅರೆಗಳಿಗೆ ನಿಂತಿತು, ಮೆಲ್ಲಗೆ ನಮ್ಮತ್ತ ಬಾಗಿತು.

"ಅಜ್ಜಾ, ವಾರಾ ಫಿರಲಾ!" ಎಂದು ಅವಳು ಮರಾಠಿಯಲ್ಲಿ ಕುಣಿದಾಡಿದಳು.

ನನಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ಡೊಂಬಿವಲಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ, "ಗಾಳಿ ತಿರುಗಿತು ಅಕ್ಕಾ!" ಎಂದೆ.

ಯಾವ ಗಾಳಿ, ಎಲ್ಲಿಯದು ಎಂದು ಅವಳು ಕೇಳಲೇ ಇಲ್ಲ.

"ಹಾಗಾದ್ರೆ ಇನ್ನೂ ಎಂತ ನೋಡ್ತಾ ನಿಂತಿದ್ದೀ?" ಎಂದಳು. "ಹಿಟ್ಟು ಮೇಲೆ ತಕೊಂಡು ಹೋಗು!"