ಸೊಳ್ಳೆಯಕ್ಕ ಕೊಟ್ಟ ರಕ್ತ

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಆಕೆಯನ್ನು ಎಲ್ಲರೂ ಸೊಳ್ಳೆಯಕ್ಕ ಎಂದೇ ಕರೆಯುತ್ತಿದ್ದರು. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿ, "ಆಯ್ತು, ಏಳಿ" ಅಂದುಬಿಡುವ ಕೈ ಅದು. ಆ ಅಡ್ಡಹೆಸರಿನ ಮೇಲೆ ಆಕೆಗೆ ಒಳಗೊಳಗೇ ಹೆಮ್ಮೆ.

ಶ್ವಾಸಕೋಶದ ಕ್ಯಾನ್ಸರಿನ ಸುಳಿವು ಕೆಮ್ಮು ಶುರುವಾಗುವ ಮೊದಲೇ ರಕ್ತದಲ್ಲಿ ಸಿಗುತ್ತದೆಯೇ ಎಂದು ನೋಡುವ ಹೊಸ ಪರೀಕ್ಷೆಯೊಂದು ಅಲ್ಲಿಗೆ ಪ್ರಯೋಗಕ್ಕೆ ಬಂದಾಗ ಸೊಳ್ಳೆಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ಹೊಗೆಬಂಡಿಯಂಥ ಗಂಡ ಇದ್ದನಲ್ಲ! ಮಾರನೆಯ ದಿನವೇ ಆತನನ್ನು ದರದರ ಎಳೆದುಕೊಂಡು ಬಂದಳು. ಹೋಲಿಸಿ ನೋಡಲು ಸಿಗರೇಟು ಸೇದದವರ ರಕ್ತವೂ ಬೇಕಿತ್ತು, ತನ್ನದನ್ನೂ ಕೊಟ್ಟಳು. ಆ ಸಂಭ್ರಮದಲ್ಲಿ ಒಂದು ಎಡವಟ್ಟಾಯಿತು. ಕೊಳವೆಗೆ ರಕ್ತ ತುಂಬಿದ ಮೇಲಷ್ಟೇ ಹೆಸರಿನ ಚೀಟಿ ಅಂಟಿಸಬೇಕು. ಮೊದಲೇ ಅಂಟಿಸುವ ಹೊಸಬರನ್ನು ಹಿಗ್ಗಾಮುಗ್ಗಾ ಬೈಯುವ ಮಹಾತಾಯಿಯೇ ಅಂದು ಎರಡಕ್ಕೂ ಮೊದಲೇ ಅಂಟಿಸಿಟ್ಟಿದ್ದಳು.

ಫಲಿತಾಂಶ ಬಂತು. ಗಂಡನ ರಕ್ತದಲ್ಲಿ ಏನೂ ಇಲ್ಲ, ಆಕೆಯದರಲ್ಲಿ ಅನುಮಾನ.

"ಅಯ್ಯೋ ಡಾಕ್ಟ್ರೇ, ಕೊಳವೆ ಅದಲು ಬದಲಾಗಿದೆ! ಅದು ಇವರದ್ದೇ!" ಸೊಳ್ಳೆಯಕ್ಕ ಗಂಡನತ್ತ ಕೈ ತೋರಿಸಿದಳು. ಈ ಮನುಷ್ಯನಿಲ್ಲದೆ ಬದುಕುವುದು ಹೇಗೆಂದು ಅಲ್ಲೇ ಅತ್ತುಬಿಟ್ಟಳು.

"ಇಬ್ಬರದ್ದೂ ಮತ್ತೆ ತೆಗೆಯೋಣ. ಈ ಸಲ ನೀವು ಮಾತ್ರ ಸೂಜಿ ಮುಟ್ಟಬೇಡಿ," ಎಂದರು ಡಾಕ್ಟರು.

ಎರಡನೆಯ ಸಲವೂ ಅದೇ ಉತ್ತರ. ಸ್ಕ್ಯಾನ್ ಮಾಡಿದರೆ ಸೊಳ್ಳೆಯಕ್ಕನ ಬಲ ಶ್ವಾಸಕೋಶದಲ್ಲೇ ಕಡಲೆಕಾಳಿನಷ್ಟು ಗಡ್ಡೆ!

"ಅಂದ್ರೆ ಇವರಿಗೇನೂ ಇಲ್ಲ ತಾನೇ?" ಆಕೆ ಮೊದಲು ಕೇಳಿದ್ದು ಅದನ್ನೇ.

"ಅವರಿಗಿಲ್ಲ, ನಿಮಗಿದೆ. ಆದ್ರೆ ಎಷ್ಟು ಬೇಗ ಸಿಕ್ಕಿದೆ ನೋಡಿ! ಎಲ್ಲೂ ಹಬ್ಬಿದ ಹಾಗೆ ಕಾಣ್ತಿಲ್ಲ. ತೆಗೆದುಬಿಡೋಣ." ಹೇಳುವಾಗ ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತಿದ್ದರು.

ಆಪರೇಷನ್ ಆಯಿತು. ಗಡ್ಡೆ ಕ್ಯಾನ್ಸರಿನದೇ ಆಗಿತ್ತು, ಆದರೆ ಪೂರ್ತಿಯಾಗಿ ಹೊರಗೆ ಬಂದಿತ್ತು. ಸುದ್ದಿ ಕೇಳಿ ಸೊಳ್ಳೆಯಕ್ಕ ಹೊಲಿಗೆಯ ನೋವನ್ನೂ ಮರೆತು ನಕ್ಕಳು. ಹಾಸಿಗೆಯ ಪಕ್ಕದಲ್ಲಿ ಗಂಡ ಮಾತ್ರ ತಲೆ ಎತ್ತಲಿಲ್ಲ.

"ಸೇದಿದ್ದು ನಾನು ಕಣೆ. ಮನೆ ತುಂಬ ಹೊಗೆ ಬಿಟ್ಟಿದ್ದು ನಾನು. ಬಂದಿದ್ದು ನಿನಗೆ."

ಹೊಗೆಯಿಂದಲೇ ಬಂತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆಕೆ ಆತನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಇವತ್ತಿಂದ ಸಿಗರೇಟು ಬಿಟ್ಬಿಡಿ ರೀ, ಅಷ್ಟು ಸಾಕು. ಈಗ ಹೋಗಿ ಡಾಕ್ಟರನ್ನ ಕೇಳ್ಕೊಂಡು ಬನ್ನಿ, ನಾನು ಯಾವಾಗ ಕೆಲಸಕ್ಕೆ ಬರಬಹುದು ಅಂತ. ತಮಗೇನೂ ಇಲ್ಲ ಅಂದ್ಕೊಂಡು ಓಡಾಡ್ತಿರೋರು ಇನ್ನೂ ಎಷ್ಟು ಜನ ಇದ್ದಾರೋ!"