ಗುಡ್ಡದ ನೀಲಿ

ಬೀಜದಮ್ಮನಿಗೆ ತನ್ನ ಕಣ್ಣಿನ ಮೇಲೆ ಎಂಥ ಜಂಬವೆಂದರೆ, ಕನ್ನಡಕ ಹಾಕಿದವರನ್ನು ಕಂಡರೇ ನಗುತ್ತಿದ್ದಳು. ಮೂವತ್ತು ವರ್ಷದಿಂದ ಅವಳದು ಒಂದೇ ಕಸುಬು: ಬಯಲಲ್ಲಿ, ಗುಡ್ಡದಲ್ಲಿ ತಾವಾಗಿ ಅರಳುವ ಕಾಡುಹೂಗಳ ಬೀಜವನ್ನು ಗಾಜಿನ ಮನೆಯೊಳಗೆ ಮೊಳೆಸಿ, ಸಸಿ ಮಾಡಿ ಮಾರುವುದು. ಕಾಡುಹೂವಿನ ಬೀಜ ಹೇಳಿದ ಮಾತು ಕೇಳುವ ಜಾತಿಯಲ್ಲ. ಮರಳುಕಾಗದದಲ್ಲಿ ಸಿಪ್ಪೆ ಉಜ್ಜಬೇಕು, ಒದ್ದೆ ಮರಳಲ್ಲಿ ಹುದುಗಿಸಿ ಮೂರು ತಿಂಗಳು ಫ್ರಿಜ್ಜಿನಲ್ಲಿಡಬೇಕು, ಆಮೇಲೂ ಮನಸ್ಸು ಬಂದರೆ ಹುಟ್ಟುತ್ತದೆ. ಹುಟ್ಟಿದ ಮೇಲೆ ಇನ್ನೊಂದು ಪೀಡೆ. ಸಸಿಗೂ ಕಳೆಗೂ ಮೊದಲ ಎಲೆ ಒಂದೇ ಥರ. ಬೇರ್ಪಡಿಸಲು ಕಣ್ಣು ಬೇಕು.

ಆ ಕಣ್ಣು, ಅವಳ ಜೊತೆಗೇ ಕೆಲಸ ಮಾಡುತ್ತಿದ್ದ ನಾದಿನಿಗೆ ಒಂದು ದಿನ ಕೈಕೊಟ್ಟಿತು. ಆರು ವರ್ಷದ ಹಿಂದೆ, ಗಡಿಬಿಡಿಯಲ್ಲಿ ಅರ್ಧ ಟ್ರೇ ಸಸಿಗಳನ್ನು ಕಳೆಯೆಂದು ಕಿತ್ತುಬಿಟ್ಟಳು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೀಜದಮ್ಮ ಗಿರಾಕಿಗಳ ಎದುರಿಗೇ ಅವಳ ಕಣ್ಣಿಗೆ ಒರಸುವ ಬಟ್ಟೆ ಕಟ್ಟಿ, "ಹೇಗೂ ಕಾಣಲ್ಲ, ಹೀಗೇ ಓಡಾಡು" ಎಂದು ಸಾಲಿನಿಂದ ಸಾಲಿಗೆ ನಡೆಸಿದಳು. ಜನ ನಕ್ಕರು. ಅವಳ ಸ್ವಂತ ಅಣ್ಣ, ಬೀಜದಮ್ಮನ ಗಂಡ, ಅವನೂ ನಕ್ಕ. ಅಂದಿನಿಂದ ಅವಳ ಹೆಸರೇ ಕುರುಡಿ. "ನೀನು ನೀರು ಹಾಕು, ಸಾಕು. ನಾನು ಕೈಯಿಟ್ಟ ಟ್ರೇ ಬಗ್ಗೆ ತುಟಿ ಬಿಚ್ಚಬೇಡ" ಎಂದು ಅತ್ತಿಗೆಯ ಅಪ್ಪಣೆಯಾಯಿತು.

ಆ ಅಣ್ಣ ಸತ್ತು ಎರಡು ವರ್ಷ. ಸಾಯುವ ಮುಂಚಿನ ತಿಂಗಳು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಒಂದು ಚಿಟಿಕೆ ಬೀಜ ತಂದಿದ್ದ. ಗುಡ್ಡದ ನೀಲಿ ಎಂದು ಅವನೇ ಹೆಸರಿಟ್ಟ ಹೂ, ಬೇರೆಲ್ಲೂ ಕಂಡದ್ದಿಲ್ಲ. ಈಗ ಆ ಗುಡ್ಡವನ್ನು ಜಲ್ಲಿಗಾಗಿ ಒಡೆದು ನೆಲಸಮ ಮಾಡಿಯಾಗಿದೆ. ಈ ಬೀಜ ಹೋದರೆ ಹೂವೇ ಹೋಯಿತು. ಬೀಜದಮ್ಮ ಅಷ್ಟನ್ನೂ ಬಿತ್ತಿ, ಏನೂ ಮೊಳೆಯದ ಟ್ರೇಯನ್ನು ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಒಂದು ಬೆಳಿಗ್ಗೆ ಟ್ರೇ ತುಂಬ ಹಸಿರು ಚುಕ್ಕೆ. ಅವಳು ಅತ್ತೇಬಿಟ್ಟಳು.

ನೀಲಿಯ ಎಲೆತುದಿಯಲ್ಲಿ ಉಗುರೊತ್ತಿದಷ್ಟು ಸಣ್ಣ ಕಚ್ಚು ಇರುತ್ತದೆ, ಕಳೆಯದು ನುಣುಪು. ವಾರ ಕಳೆದು ಚಿಮುಟ ಹಿಡಿದು ಕೂತಳು. ಕಚ್ಚು ಕಾಣಲಿಲ್ಲ. ವರ್ಷದಿಂದಲೇ ಸಣ್ಣದೆಲ್ಲ ಕಲಸಿದಂತೆ ಕಾಣುತ್ತಿತ್ತು, ಆದರೆ ಅದನ್ನವಳು ಯಾರ ಮುಂದೂ ಒಪ್ಪಿರಲಿಲ್ಲ. ನೀರಿನ ಕ್ಯಾನು ಹಿಡಿದು ನಾದಿನಿ ಪಕ್ಕದಲ್ಲೇ ನಿಂತಿದ್ದಳು. "ಇಲ್ಲಿ ನೋಡೇ" ಎನ್ನಲು ಎಷ್ಟು ಹೊತ್ತು? ಕುರುಡಿಯನ್ನು ಕೇಳುವುದುಂಟೇ! ಕಣ್ಣು ಕಾಣದಿದ್ದಾಗ ಆಸೆಯೇ ನೋಡುತ್ತದೆ. ದಷ್ಟಪುಷ್ಟವಾದವೆಲ್ಲ ಗಂಡನ ಹೂ ಎಂದುಕೊಂಡು, ಸೊರಗಿದವನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕಿದಳು.

ನಾದಿನಿ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಎರಡು ತಿಂಗಳು ಆ ಟ್ರೇಗೆ ಉಪಚಾರವೋ ಉಪಚಾರ. ಎಲೆ ದೊಡ್ಡದಾದಂತೆ ಒಳಗೊಳಗೇ ಅನುಮಾನ ಬಂತು, ಬೀಜದಮ್ಮ ಅದನ್ನು ನುಂಗಿಕೊಂಡಳು. ನಾದಿನಿ ಎರಡು ಹೊತ್ತೂ ತಪ್ಪದೆ ನೀರು ಹಾಕಿದಳು. ಮೊಗ್ಗು ಬಂದದ್ದೇ ಹಳೇ ಗಿರಾಕಿಗಳಿಗೆಲ್ಲ ಕರೆ ಹೋಯಿತು.

ಮೊದಲ ಮೊಗ್ಗು ಬಿರಿಯುವ ಬೆಳಿಗ್ಗೆ ಎಲ್ಲರೂ ಬಂದು ಟ್ರೇ ಸುತ್ತ ನಿಂತರು. ಆರು ವರ್ಷದಲ್ಲಿ ಮೊದಲ ಸಲ ನಾದಿನಿ ಜನರ ಮುಂದೆ ಬಾಯಿ ತೆರೆದಳು.

"ಅತ್ತಿಗೆ, ಅಣ್ಣನ ಹೂ ಬಿಳೀದಾ?"

"ಅಯ್ಯೋ, ಇದು ನಮ್ಮ ಚರಂಡಿ ಪಕ್ಕ ಬೆಳೆಯೋದಲ್ವಾ!" ಎಂದ ಒಬ್ಬ ಗಿರಾಕಿ. ಯಾರೋ ಕಿಸಕ್ಕೆಂದರು.

ಜನ ಹೋದ ಮೇಲೆ ಬೀಜದಮ್ಮ ಸ್ಟೂಲಿನ ಮೇಲೆ ಕುಸಿದಳು. "ನಿಂಗೆ ಗೊತ್ತಿತ್ತಾ?"

"ಹದಿನೇಳಿದ್ವು. ಹದಿನೇಳೂ ನೀವು ಕೀಳೋದು ನೋಡ್ದೆ."

"ನಿನ್ನ ಅಣ್ಣಂದು ಕಣೇ ಅದು! ಒಂದು ಮಾತು ಹೇಳ್ಬಾರದಿತ್ತಾ?"

"ಅಣ್ಣನೂ ನಕ್ಕಿದ್ನಲ್ಲ, ಅತ್ತಿಗೆ."

ಬೀಜದಮ್ಮ ಮಗುವಿನಂತೆ ಬಿಕ್ಕಿದಳು. ನಾದಿನಿ ಮೇಜಿನ ಮೇಲಿದ್ದ ಒರಸುವ ಬಟ್ಟೆ ತಂದು ಅವಳ ಕೈಗಿಟ್ಟು, "ಕಣ್ಣು ಒರೆಸ್ಕೊಳ್ಳಿ" ಎಂದಳು. ಆಮೇಲೆ ಕ್ಯಾನು ತುಂಬಿಸಿಕೊಂಡು ಬಂದು ಆ ಕಳೆಗೆ ಸಂಜೆಯ ನೀರು ಹಾಕಿದಳು.