ಸಾವಕಾರರು ತುಂಬಿದ ಉಡಿ

ಗೆಳೆಯರೇ, ಪುರಸಭೆ ಚುನಾವಣೆಯ ನಾಮಪತ್ರ ಹಿಂಪಡೆಯಲು ಇಂದು ಮೂರು ಗಂಟೆಯವರೆಗೆ ಅವಕಾಶವಿತ್ತು. ಎರಡೂವರೆಗೆ ಸಾವಕಾರರು ಹೆಂಡತಿಯೊಂದಿಗೆ ಕಾಶವ್ವನ ಮನೆಗೆ ಬಂದರು.

ಕಾಶವ್ವ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಹಸನು ಮಾಡುವ ಹೆಂಗಸರ ಸಂಘ ಕಟ್ಟಿದವಳು. ಸಾವಕಾರರು ಅಲ್ಲಿನ ಅಡತಿ ವ್ಯಾಪಾರಿ, ರೈತರ ಮಾಲನ್ನು ಕಮಿಷನ್ನಿಗೆ ಮಾರಿಸುವವರು; ಆ ಹೆಂಗಸರಿಗೆ ಕೂಲಿ ಕೊಡುವವರೂ ಅವರೇ. ವಾರ್ಡಿನಲ್ಲಿ ಅವಳ ಎದುರಾಳಿ. ನಾನು ಅವಳ ಅರ್ಜಿಗಳನ್ನು ಬರೆದುಕೊಡುವವಳು, ಮೂಲೆಯಲ್ಲಿದ್ದೆ.

"ತಂಗಿ ಅಂತ ಉಡಿ ತುಂಬಾಕ ಬಂದೇವಿ," ಎಂದರು ಸಾವಕಾರರು.

ಉಡಿ ತುಂಬಲು ಬಂದವರನ್ನು ಬೇಡ ಎನ್ನುವಂತಿಲ್ಲ. ಕಾಶವ್ವ ಸೆರಗೊಡ್ಡಿದಳು. ಅವರ ಹೆಂಡತಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿದರು. ಅದರ ಮೇಲೆ ಸಾವಕಾರರು ನಾಮಪತ್ರ ಹಿಂಪಡೆಯುವ ಫಾರಂ ಇಟ್ಟರು.

"ಅಣ್ಣನ ಮಾತು ಮೀರಬ್ಯಾಡ. ಸಹಿ ಮಾಡು, ಗಾಡಿ ಹೊರಗ ನಿಂತೈತಿ. ಇಲ್ಲಂದ್ರ ನಾಳಿಂದ ನಿನ್ನ ಹೆಣ್ಮಕ್ಕಳು ಯಾರೂ ಯಾರ್ಡಿಗಿ ಬರೂದು ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಸಂಘದ ಹೆಂಗಸರು ಕಾಶವ್ವನತ್ತ ನೋಡಿದರು. ಕಾಶವ್ವ ಫಾರಂ ಸಮೇತ ಉಡಿಯನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾವಕಾರರ ಹೆಂಡತಿಯತ್ತ ತಿರುಗಿದಳು.

"ವೈನೀ, ನಿಮ್ಮ ಮನ್ಯಾಗ ಎಷ್ಟ ವೋಟ್ ಅದಾವ್ರಿ?"

"ಆರು," ಎಂದರು ಅವರು, ಗಂಡನ ಮುಖ ನೋಡದೆ.

"ಉಡಿ ತುಂಬಿದ ಮ್ಯಾಲ ನಿಮ್ಮನಿ ನನಗ ತವರುಮನಿ ಆತು. ತವರಿನವರು ಮಗಳನ್ನ ಸೋಲಸ್ತಾರೇನ್ರಿ, ಅಣ್ಣಾ? ಕುಂದರ್ರಿ, ಚಹಾ ಮಾಡ್ತೇನಿ."

ಸಾವಕಾರರು ಕೂರಲಿಲ್ಲ. "ನಾಳೆ ನೋಡ್ತೇನಿ," ಎಂದು ಹೊರಟರು.

ಮೂರು ದಾಟಿತು. ಕಾಶವ್ವ ಫಾರಂ ತೆಗೆದು ನನಗೆ ಕೊಟ್ಟಳು. "ಇದರ ಹಿಂದ ಪ್ರಚಾರಕ್ಕ ಹೋಗೂ ಮನಿ ಬರಿಯವ್ವಾ. ಮೊದಲ್ನೇದು ವೈನಿದು."

ಬರೆದಿದ್ದೇನೆ. ನಾಳೆ ಯಾರ್ಡಿನಲ್ಲಿ ಏನಾಗುವುದೋ ಗೊತ್ತಿಲ್ಲ. ಸಾವಕಾರರ ಮನೆಯ ಬಾಗಿಲು ಬಡಿಯುವವಳು ಮಾತ್ರ ನಾನೇ ಅಂತೆ.